ಮನೆಬಾಗಿಲಿಗೆ ಬಂದ ವಿಶ್ವವಿದ್ಯಾನಿಲಯ



ಮೈಸೂರಿನಲ್ಲಿ ಘಟಿಕೋತ್ಸವದ ದಿನ ಬಂತೆಂದರೆ ಕ್ರಾಫರ್ಡ್ ಭವನದ ಸುತ್ತ ಮದುವೆಮನೆಯ ಸಂಭ್ರಮ ಕಾಣುತ್ತದೆ. ನಿಲುವಂಗಿ ತೊಟ್ಟ ತರುಣ ತರುಣಿಯರು, ಅವರ ಹಿಂದೆ ಹೊಸ ಸೀರೆಯುಟ್ಟ ತಾಯಂದಿರು, ಇಸ್ತ್ರಿಯ ಅಂಗಿ ತೊಟ್ಟ ತಂದೆಯರು. ಮರುದಿನದ ಪತ್ರಿಕೆಯಲ್ಲಿ ಪದಕ ಪಡೆದವರ ಹೆಸರುಗಳು ಬರುತ್ತವೆ. ಈಚಿನ ವರ್ಷಗಳಲ್ಲಿ ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಪಾಲೇ ದೊಡ್ಡದು. ಸಂತೋಷದ ಸಂಗತಿ. ವಿಶ್ವವಿದ್ಯಾನಿಲಯದ ಸಾಧನೆಯೆಂದರೆ ನಮಗೆ ಮೊದಲು ಕಣ್ಣಿಗೆ ಬೀಳುವುದು ಇದೇ: ಎಷ್ಟು ಮಂದಿ ಪದವಿ ಪಡೆದರು, ಎಷ್ಟು ಪದಕ ಬಂತು ಎಂಬ ಲೆಕ್ಕ.

ಆದರೆ ಇನ್ನೊಂದು ಲೆಕ್ಕವುಂಟು. ಮಗನನ್ನಾಗಲಿ ಮಗಳನ್ನಾಗಲಿ ಆ ಕಟ್ಟಡದ ಒಳಗೆ ಕಳಿಸದ ಮನೆಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರಿದ್ದಾರೆ, ನಂಜನಗೂಡಿನ ಕಡೆ ಬಾಳೆ ಬೆಳೆಯುವವರಿದ್ದಾರೆ, ಗಿರಣಿಯಲ್ಲಿ ದುಡಿದವರಿದ್ದಾರೆ. ಇವರೂ ತೆರಿಗೆ ಕೊಡುತ್ತಾರೆ. ಆ ಹಣದ ಒಂದು ಭಾಗ ವಿಶ್ವವಿದ್ಯಾನಿಲಯಕ್ಕೆ ಸಲ್ಲುತ್ತದೆ. ಇವರಿಗೆ ಅಲ್ಲಿಂದ ಏನು ಬಂತು? ಈ ಪ್ರಶ್ನೆಯನ್ನು ಕೇಳುವುದು ಆಕ್ಷೇಪಣೆಯಲ್ಲ, ಹಕ್ಕು. ಇಂದಿನ ಭಾಷಣದಲ್ಲಿ ನಾನು ಈ ಎರಡನೆಯ ಲೆಕ್ಕವನ್ನು ತಮ್ಮ ಮುಂದೆ ಬಿಚ್ಚಿಡಬೇಕೆಂದಿದ್ದೇನೆ. ಜಮೆಯೂ ಉಂಟು, ಬಾಕಿಯೂ ಉಂಟು.

ಮೊದಲು ಹುಟ್ಟಿದ ಬಗೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. 1916ನೆಯ ಇಸವಿ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ನಮ್ಮ ಹುಡುಗರು ಏನು ಓದಬೇಕು, ಯಾವ ಪ್ರಶ್ನೆಗೆ ಉತ್ತರ ಬರೆಯಬೇಕು ಎಂಬುದೆಲ್ಲ ಮದರಾಸಿನಲ್ಲಿ ನಿಶ್ಚಯವಾಗುತ್ತಿತ್ತು. ಅಂದಿನ ಹಳೆಯ ವಿಶ್ವವಿದ್ಯಾನಿಲಯಗಳಾದ ಕಲ್ಕತ್ತ, ಮುಂಬಯಿ, ಮದರಾಸು, ಪಂಜಾಬು, ಅಲಹಾಬಾದು ಎಲ್ಲವೂ ಬ್ರಿಟಿಷರ ನೇರ ಆಡಳಿತದ ಸೀಮೆಯಲ್ಲಿದ್ದವು. ದೇಶೀಯ ಸಂಸ್ಥಾನವೊಂದು ತಾನೇ ವಿಶ್ವವಿದ್ಯಾನಿಲಯ ಕಟ್ಟಿಕೊಂಡದ್ದು ಇದೇ ಮೊದಲು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಪತಿಗಳಾದರು; ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ಬೆನ್ನು ಹಿಡಿದು ಕೆಲಸ ಮಾಡಿಸಿದರು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳಾದರು. ಇಂದು ನಾವು ಕುಲಪತಿ ಎನ್ನುವ ಸ್ಥಾನವನ್ನು ಆಗ ಉಪಕುಲಪತಿ ಎನ್ನುತ್ತಿದ್ದರು.

ನಂಜುಂಡಯ್ಯನವರ ವಿಷಯದಲ್ಲಿ ಒಂದು ಮಾತನ್ನು ನೆನೆಯಬೇಕು. ಅದಕ್ಕೆ ಒಂದು ವರ್ಷ ಮುಂಚೆ, 1915ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಇವರೇ. ಕನ್ನಡದ ಪರಿಷತ್ತು, ಇಂಗ್ಲಿಷಿನಲ್ಲಿ ಪಾಠ ಹೇಳುವ ವಿಶ್ವವಿದ್ಯಾನಿಲಯ, ಎರಡರ ಪೀಠವೂ ಒಬ್ಬರ ಪಾಲಿಗೆ ಬಂದಿತ್ತು. ಈ ಎರಡನ್ನೂ ಒಂದು ಮಾಡುವುದು ಹೇಗೆ ಎಂಬ ಸಮಸ್ಯೆ ಆ ದಿನದಿಂದ ಇಂದಿನವರೆಗೆ ನಡೆದುಬಂದಿದೆ. ವಿಶ್ವವಿದ್ಯಾನಿಲಯ ಹುಟ್ಟಿ ಹನ್ನೊಂದು ವರ್ಷವಾದ ಮೇಲೆ, 1927ರಲ್ಲಿ, ಕನ್ನಡದಲ್ಲಿ ಎಂ.ಎ. ತರಗತಿ ಪ್ರಾರಂಭವಾಯಿತು. ಕನ್ನಡ ನಾಡಿನ ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆ ಉನ್ನತ ತರಗತಿ ಸಿಗುವುದಕ್ಕೆ ಅಷ್ಟು ಕಾಲ ಹಿಡಿಯಿತು. ಆದರೆ ಆ ಮೊದಲ ತಂಡದಲ್ಲಿ ಕುಳಿತವರು ಯಾರು? ಕೆ. ವಿ. ಪುಟ್ಟಪ್ಪನವರು, ಡಿ. ಎಲ್. ನರಸಿಂಹಾಚಾರ್ಯರು. ಪಾಠ ಹೇಳಿದವರಲ್ಲಿ ಟಿ. ಎಸ್. ವೆಂಕಣ್ಣಯ್ಯನವರು. ತಡವಾಗಿ ಹಚ್ಚಿದ ದೀಪವಾದರೂ ಬೆಳಕು ಚೆನ್ನಾಗಿಯೇ ಬಿತ್ತು.

ಇನ್ನು ಮನೆಬಾಗಿಲಿನ ಲೆಕ್ಕಕ್ಕೆ ಬರೋಣ.

ಮೊದಲನೆಯದು ಪ್ರಚಾರೋಪನ್ಯಾಸ. ಕಾಲೇಜಿನ ಅಧ್ಯಾಪಕರು ತರಗತಿಯಲ್ಲಿ ಪಾಠ ಹೇಳಿದರೆ ಸಾಲದು, ತಾಲ್ಲೂಕು ಊರುಗಳಿಗೂ ಹಳ್ಳಿಗಳಿಗೂ ಹೋಗಿ ಜನರಿಗೆ ತಿಳಿಯುವ ಕನ್ನಡದಲ್ಲಿ ಮಾತನಾಡಬೇಕು ಎಂಬ ಏರ್ಪಾಡು 1930ರ ದಶಕದಿಂದ ಬೆಳೆದು ಬಂತು. ಸಸ್ಯಶಾಸ್ತ್ರದವರು ಗಿಡಮರಗಳ ವಿಷಯ ಹೇಳಬೇಕು, ಅರ್ಥಶಾಸ್ತ್ರದವರು ಸಾಲ ಬಡ್ಡಿಗಳ ವಿಷಯ ಹೇಳಬೇಕು, ಚರಿತ್ರೆಯವರು ಆ ಊರಿನ ಗುಡಿಯ ಮುಂದಿನ ಶಾಸನದಲ್ಲಿ ಏನಿದೆಯೆಂದು ಹೇಳಬೇಕು. ಹೀಗೆ ಆಡಿದ ಮಾತು ಗಾಳಿಯಲ್ಲಿ ಹೋಗಬಾರದೆಂದು ಅದನ್ನು ಸಣ್ಣ ಹೊತ್ತಗೆಗಳಾಗಿ ಅಚ್ಚುಮಾಡಿ ಪ್ರಚಾರ ಪುಸ್ತಕಮಾಲೆಯೆಂಬ ಹೆಸರಿನಲ್ಲಿ ಅಲ್ಪ ಬೆಲೆಗೆ ಮಾರಿದರು. ಅಂಗಿಯ ಜೇಬಿನಲ್ಲಿ ಹಿಡಿಸುವ ಗಾತ್ರ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ತಮ್ಮಲ್ಲಿ ಅನೇಕರ ಮನೆಯ ಬೀರುವಿನ ಮೂಲೆಯಲ್ಲಿ ಅಂಥದೊಂದು ಪುಸ್ತಕ, ಹೊದಿಕೆ ಹರಿದು, ಇನ್ನೂ ಇದ್ದೀತು. ಇದ್ದರೆ ಹಳೆಯ ಕಾಗದದವನಿಗೆ ಹಾಕಬೇಡಿ.

ಹೀಗೆ ಕನ್ನಡದಲ್ಲಿ ವಿಜ್ಞಾನ ಹೇಳಹೊರಟಾಗ ಒಂದು ತೊಡಕು ಎದುರಾಯಿತು. ಮಾತೇ ಇಲ್ಲದ ಕಡೆ ವಿಷಯವನ್ನು ಹೇಳುವುದು ಹೇಗೆ? ಅದಕ್ಕಾಗಿ ವಿಶ್ವವಿದ್ಯಾನಿಲಯ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸಕ್ಕೆ ಕೈಹಾಕಿತು. ವರ್ಷಗಟ್ಟಲೆ ನಡೆದ ಆ ಕೆಲಸ 1946ರಲ್ಲಿ ಪುಸ್ತಕರೂಪದಲ್ಲಿ ಹೊರಬಂತು. ನಿಘಂಟು ಎಂದರೆ ವಿದ್ವಾಂಸರ ಮೇಜಿನ ಮೇಲಿರುವ ವಸ್ತು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಪತ್ರಿಕಾಲಯದಲ್ಲಿ ತಂತಿಸುದ್ದಿಯನ್ನು ಕನ್ನಡಕ್ಕೆ ಇಳಿಸುವ ಉಪಸಂಪಾದಕ, ಕಚೇರಿಯಲ್ಲಿ ಸುತ್ತೋಲೆ ತರ್ಜುಮೆ ಮಾಡುವ ಗುಮಾಸ್ತ, ಆಕಾಶವಾಣಿಯಲ್ಲಿ ವಾರ್ತೆ ಸಿದ್ಧಪಡಿಸುವವರು, ಶಾಲೆಯ ಪಠ್ಯ ಬರೆಯುವವರು, ಎಲ್ಲರೂ ಇಂಥ ಗ್ರಂಥಕ್ಕೆ ಕೈಚಾಚಿದವರೇ. ಅಲ್ಲಿಂದ ಎತ್ತಿಕೊಂಡ ಮಾತು ಮೊದಲು ಪತ್ರಿಕೆಗೆ, ಆಮೇಲೆ ಭಾಷಣಕ್ಕೆ, ಕೊನೆಗೆ ಮನೆಯ ಮಾತಿಗೆ ಇಳಿದುಬರುತ್ತದೆ. ಯಾವ ಗಣಿಯಿಂದ ಬಂದ ಚಿನ್ನವೆಂದು ಬಳಸುವವರಿಗೆ ತಿಳಿದಿರುವುದಿಲ್ಲ.

ಮೂರನೆಯದನ್ನು ಹೇಳುವುದಕ್ಕೆ ಈ ಜಾಗಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ತಮ್ಮ ಮನೆಯ ರೇಡಿಯೋ ಪೆಟ್ಟಿಗೆಗೂ ಮೈಸೂರು ವಿಶ್ವವಿದ್ಯಾನಿಲಯಕ್ಕೂ ನೇರವಾದ ನಂಟಿದೆ.

ಮಹಾರಾಜಾ ಕಾಲೇಜಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರೆಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರಿದ್ದರು. ಲಂಡನ್ನಿನಲ್ಲಿ ಓದಿ ಬಂದವರು; ಇಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಕಟ್ಟಿದವರು. ಮನುಷ್ಯನ ಮನಸ್ಸು ಕೇಳಿದ್ದನ್ನು ಹೇಗೆ ಹಿಡಿಯುತ್ತದೆ, ಹೇಗೆ ಕಲಿಯುತ್ತದೆ ಎಂಬುದು ಅವರ ಶಾಸ್ತ್ರದ ವಿಷಯ. ಹಾಗಿರುವಾಗ ಗೋಡೆಗಳ ನಡುವೆ ಐವತ್ತು ಮಂದಿಗೆ ಹೇಳುವುದನ್ನು ಗೋಡೆಯಿಲ್ಲದೆ ಐದು ಸಾವಿರ ಮಂದಿಗೆ ಹೇಳುವ ಯಂತ್ರ ಅವರ ಮನಸ್ಸನ್ನು ಸೆಳೆದದ್ದು ಆಶ್ಚರ್ಯವಲ್ಲ. 1935ನೆಯ ಇಸವಿ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿಯೇ ಅವರು ಒಂದು ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದರು. ಯಂತ್ರದ ಶಕ್ತಿ 30 ವಾಟ್. ಒಂದು ಕಾಲದಲ್ಲಿ ನಮ್ಮ ನಡುಮನೆಯಲ್ಲಿ ಉರಿಯುತ್ತಿದ್ದ 40 ವಾಟಿನ ಬಲ್ಬಿಗಿಂತಲೂ ಕಡಿಮೆ! ಅಷ್ಟು ಶಕ್ತಿಯಿಂದ ಅವರು ಈ ಊರಿನ ಮನೆಗಳಿಗೆ ಮಾತನ್ನೂ ಸಂಗೀತವನ್ನೂ ಕಳಿಸಿದರು.

ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಮೈಸೂರಿನವರು ಹೇಳುತ್ತಾರೆ. ಕಸ್ತೂರಿಯವರೂ ವಿಶ್ವವಿದ್ಯಾನಿಲಯದ ಅಧ್ಯಾಪಕರೇ. ಕೇರಳದಿಂದ ಬಂದು ಕನ್ನಡ ಕಲಿತು ಕನ್ನಡಿಗರನ್ನೇ ನಗಿಸಿದ ಹಾಸ್ಯಲೇಖಕರು. ಇಡೀ ಭಾರತದ ಬಾನುಲಿ ಸಂಸ್ಥೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಬಂದದ್ದೇ 1936ರ ಜೂನಿನಲ್ಲಿ. ಮೈಸೂರಿನ ಆಕಾಶವಾಣಿ ಅದಕ್ಕೆ ಮೊದಲೇ ಮಾತನಾಡಲು ಕಲಿತಿತ್ತು. 1957ರಲ್ಲಿ ಭಾರತ ಸರ್ಕಾರ ಆಕಾಶವಾಣಿ ಎಂಬ ಹೆಸರನ್ನೇ ದೇಶಕ್ಕೆಲ್ಲ ಸ್ವೀಕರಿಸಿತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಪ್ರತಿನಿತ್ಯ ಉಚ್ಚಾರವಾಗುವ ಈ ಐದಕ್ಷರ ನಮ್ಮ ಊರಿನ ಒಬ್ಬ ಮೇಷ್ಟರ ಮನೆಯಲ್ಲಿ ಮೊಳಗಿದ್ದು.

ಇದರಲ್ಲಿ ಹೆಮ್ಮೆಗಿಂತ ದೊಡ್ಡದಾದ ಒಂದು ಪಾಠವಿದೆ. ಬಾನುಲಿ ನಡೆಸಿ ಎಂದು ಪ್ರಾಧ್ಯಾಪಕರಿಗೆ ಯಾರೂ ಹುಕುಂ ಮಾಡಿರಲಿಲ್ಲ. ಅದು ಅವರ ಪಾಠಪಟ್ಟಿಯಲ್ಲಿಯೂ ಇರಲಿಲ್ಲ. ತಾನು ಕಲಿತದ್ದು ತನ್ನ ಊರಿನವರ ಕಿವಿಗೆ ಬೀಳಬೇಕೆಂಬ ಹಂಬಲವೊಂದೇ ಅದಕ್ಕೆ ಕಾರಣ. ಯಂತ್ರ ಸಣ್ಣದಿತ್ತು, ಹಂಬಲ ದೊಡ್ಡದಿತ್ತು. ಮುಂದೆ ಕೇಂದ್ರವನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರದ ಸಂಸ್ಥೆಗೆ ಸೇರಿತು. 1955ರಲ್ಲಿ ಪ್ರಸಾರ ಬೆಂಗಳೂರಿಗೆ ವರ್ಗವಾಯಿತು. ಹುಟ್ಟಿದ ಊರಿಗೆ ಕೇಂದ್ರ ಮತ್ತೆ ಬಂದದ್ದು 1974ರಲ್ಲಿ. ಸುಮಾರು ಇಪ್ಪತ್ತು ವರ್ಷ ತವರುಮನೆ ಬರಿದಾಗಿತ್ತೆನ್ನಬಹುದು.

ನಾಲ್ಕನೆಯದು ಓಲೆಗರಿಯ ಕಥೆ. 1891ರಲ್ಲಿ ಮೈಸೂರು ಸರ್ಕಾರ ಪ್ರಾಚ್ಯ ಪುಸ್ತಕಾಲಯವೊಂದನ್ನು ತೆರೆಯಿತು. ಮುಂದೆ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿ ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಹೆಸರಾಗಿರುವುದು ಅದೇ. 1905ರ ಸುಮಾರಿನಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ತಂದು ಅಲ್ಲಿ ಒಪ್ಪಿಸಿದರು. ಗ್ರಂಥಲಿಪಿಯಲ್ಲಿದ್ದ ಆ ಕಟ್ಟನ್ನು ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಉಳಿದು ಗ್ರಂಥವೇ ಕಳೆದುಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಕೃತಿ ಅದು. 1909ರಲ್ಲಿ ಶಾಸ್ತ್ರಿಗಳು ಮೂಲವನ್ನು ಅಚ್ಚುಮಾಡಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವೂ ಹೊರಬಂತು. ಪ್ರಾಚೀನ ಭಾರತೀಯರಿಗೆ ಪರಲೋಕದ ಚಿಂತೆಯ ಹೊರತು ರಾಜ್ಯಾಡಳಿತದ ಚಿಂತೆ ಇರಲಿಲ್ಲವೆಂದು ಆಡುತ್ತಿದ್ದವರು ತಮ್ಮ ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು. ತೆರಿಗೆ, ತೂಕ, ಅಳತೆ, ಗಣಿ, ಕಾಡು, ಗೂಢಚಾರರು, ಎಲ್ಲದರ ಲೆಕ್ಕವೂ ಅದರಲ್ಲಿತ್ತು.

ಈಗ ಒಂದು ಕ್ಷಣ ಯೋಚಿಸಿ. ಆ ಕಟ್ಟನ್ನು ಆ ಪಂಡಿತರು ತಂದುಕೊಡದೆ ತಮ್ಮ ಅಟ್ಟದ ಮೇಲೆಯೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? ಗೆದ್ದಲು ಅರ್ಥಶಾಸ್ತ್ರವನ್ನು ಓದಿ ಮುಗಿಸುತ್ತಿತ್ತು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ, ಮಠಗಳಲ್ಲಿ, ಬಸದಿಗಳಲ್ಲಿ, ದೇವರ ಕೋಣೆಯ ಮರದ ಪೆಟ್ಟಿಗೆಗಳಲ್ಲಿ ಇಂದಿಗೂ ಓಲೆಗರಿಯ ಕಟ್ಟುಗಳಿವೆ. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಕೆಳಗಿಳಿಸಿ, ಅರಿಸಿನ ಕುಂಕುಮ ಹಚ್ಚಿ, ಮತ್ತೆ ಮೇಲಿಡುತ್ತೇವೆ. ಭಕ್ತಿ ಒಳ್ಳೆಯದೇ, ಆದರೆ ಕುಂಕುಮ ಹಚ್ಚಿದರೆ ಓಲೆಯ ಮೇಲಿನ ಅಕ್ಷರ ಮುಚ್ಚುತ್ತದೆ, ತೇವ ತಾಕಿದರೆ ಬೂಷ್ಟು ಹಿಡಿಯುತ್ತದೆ. ಬಲ್ಲವರು ಮಾಡುವುದು ಬೇರೆ: ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯುತ್ತಾರೆ, ಒಣಗಿದ ಗರಿಗೆ ತಕ್ಕ ಎಣ್ಣೆಯನ್ನು ತೆಳುವಾಗಿ ಸವರಿ ಮುರಿಯದಂತೆ ಮೆದುಮಾಡುತ್ತಾರೆ, ಅಕ್ಷರ ಮಾಸಿದ್ದರೆ ಕಾಡಿಗೆಯಂಥ ಮಸಿ ತುಂಬಿ ಒರೆಸುತ್ತಾರೆ, ಆಮೇಲೆ ಒಂದೊಂದು ಗರಿಗೂ ಚಿತ್ರ ತೆಗೆದಿಡುತ್ತಾರೆ. ತಮ್ಮ ಮನೆಯ ಅಟ್ಟದ ಮೇಲೆ ಇಂಥ ಕಟ್ಟು ಇದ್ದರೆ ಅದನ್ನು ಕಸವೆಂದು ಎಸೆಯುವ ಮೊದಲು, ಪೂಜೆಯ ವಸ್ತುವೆಂದು ಮುಚ್ಚಿಡುವ ಮೊದಲು, ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಿ. ಒಳಗಿರುವುದು ಅಜ್ಜ ಬರೆಸಿದ ಜಾತಕವೇ ಇರಬಹುದು, ಊರಿನ ವೈದ್ಯರು ಬರೆದಿಟ್ಟ ಮದ್ದಿನ ಪಟ್ಟಿಯೂ ಇರಬಹುದು, ಎಲ್ಲಿಯೂ ಸಿಕ್ಕದ ಕಾವ್ಯವೂ ಇರಬಹುದು. ತೆರೆದು ನೋಡುವವರೆಗೆ ಹೇಳಬಲ್ಲವರಾರು?

ಐದನೆಯದು ಮಾನಸಗಂಗೋತ್ರಿ. ಕುವೆಂಪು ಅವರು, ಎಂದರೆ ಕನ್ನಡ ಎಂ.ಎ. ಮೊದಲ ತಂಡದ ಆ ಪುಟ್ಟಪ್ಪನವರೇ, 1956ರಲ್ಲಿ ಉಪಕುಲಪತಿಗಳಾದರು. ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಪದವಿ ಪಡೆದವರೊಬ್ಬರು ಇದರ ಆ ಪೀಠಕ್ಕೆ ಏರಿದ್ದು ಅದೇ ಮೊದಲು. ಸ್ನಾತಕೋತ್ತರ ವಿಭಾಗಗಳೆಲ್ಲ ಒಂದು ಕಡೆ ನೆಲಸಬೇಕೆಂದು ಕುಕ್ಕರಹಳ್ಳಿ ಕೆರೆಯ ಆಚೆಯ ವಿಶಾಲವಾದ ನೆಲವನ್ನು ಆರಿಸಿ, ಅದಕ್ಕೆ ಮಾನಸಗಂಗೋತ್ರಿ ಎಂಬ ಹೆಸರಿಟ್ಟವರು ಅವರೇ. 1960ರಲ್ಲಿ ಆ ಆವರಣ ರೂಪು ತಳೆಯಿತು. ಗಂಗೆಯ ಮೂಲ ಗಂಗೋತ್ರಿಯಾದರೆ ಮನಸ್ಸಿನ ಗಂಗೆಗೆ ಇದು ಮೂಲವೆಂದು ಭಾವ. ಹೆಸರಿನಲ್ಲಿಯೇ ಒಂದು ಕರಾರು ಅಡಗಿದೆ: ಗಂಗೋತ್ರಿಯ ನೀರು ಗಂಗೋತ್ರಿಯಲ್ಲಿಯೇ ನಿಲ್ಲತಕ್ಕದ್ದಲ್ಲ, ಬಯಲಿಗೆ ಹರಿಯತಕ್ಕದ್ದು. ವಿಜ್ಞಾನವಾಗಲಿ ಶಾಸ್ತ್ರವಾಗಲಿ ಕನ್ನಡದಲ್ಲಿ ಕಲಿಸಲು ಬಾರದೆಂಬ ವಾದವನ್ನು ಕುವೆಂಪು ಅವರು ಕೊನೆಯವರೆಗೂ ಒಪ್ಪಲಿಲ್ಲ. ಕಾಲೇಜಿನ ತರಗತಿಗೆ ಕನ್ನಡವನ್ನು ತರುವ ಕೆಲಸಕ್ಕೆ, ಅದಕ್ಕೆ ಬೇಕಾದ ಪುಸ್ತಕಗಳನ್ನು ಬರೆಸುವ ಕೆಲಸಕ್ಕೆ ಅವರ ಕಾಲದಲ್ಲಿ ಬಲ ಬಂತು. ಪುಸ್ತಕ ಪ್ರಕಟಣೆ ಮತ್ತು ಪ್ರಚಾರೋಪನ್ಯಾಸಗಳ ಕಚೇರಿಗೆ ನಾವು ಇಂದು ಕರೆಯುವ ‘ಪ್ರಸಾರಾಂಗ’ ಎಂಬ ಹೆಸರೂ ಅವರಿತ್ತದ್ದೇ.

ಅವರು ಹಾಕಿದ ದಾರಿಯಲ್ಲಿ ಮುಂದೆ ನಡೆದವರು ದೇ. ಜವರೇಗೌಡರು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. 1968ರಲ್ಲಿ ಜಯಲಕ್ಷ್ಮೀ ವಿಲಾಸ ಸೌಧದಲ್ಲಿ ಜಾನಪದ ವಸ್ತುಸಂಗ್ರಹಾಲಯ ಪ್ರಾರಂಭವಾಯಿತು. ಅರಮನೆಯ ರಾಜಕುಮಾರಿಗೆಂದು 1905ರಲ್ಲಿ ಕಟ್ಟಿದ ಆ ಸೌಧದಲ್ಲಿ ಬೀಸುವ ಕಲ್ಲು, ಸೇರು, ಕೊಳಗ, ತೊಗಲುಗೊಂಬೆ, ಯಕ್ಷಗಾನದ ಕಿರೀಟ ಬಂದು ಕುಳಿತವು. ಹಳ್ಳಿಯ ಅಜ್ಜಿ ಉಪಯೋಗಿಸಿದ ಪಾತ್ರೆಯೂ ವಿದ್ಯೆಯ ಭಾಗವೆಂದು ವಿಶ್ವವಿದ್ಯಾನಿಲಯ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂತು. ಮುಂದೆ ಅದು 14 ಸಂಪುಟಗಳಾಗಿ ಬೆಳೆಯಿತು. 2014ರಲ್ಲಿ ಆ ವಿಶ್ವಕೋಶವನ್ನು ಯಾರು ಬೇಕಾದರೂ ಕೇಳದೆ ಬಳಸಿಕೊಳ್ಳಬಹುದಾದ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟರು. ಇಂದು ಕೈಯಲ್ಲಿರುವ ದೂರವಾಣಿಯಲ್ಲಿಯೇ ಅದರ ಬರಹಗಳು ಓದಲು ದೊರೆಯುತ್ತವೆ.

ಅದೇ 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವ ಶಿಕ್ಷಣವೂ ಪ್ರಾರಂಭವಾಯಿತು. ಇದರಿಂದ ಉಪಕಾರವಾದ ಮನೆಗಳು ಎಷ್ಟೋ. ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಓದಿದವರು, ಹದಿನೆಂಟಕ್ಕೆ ಮದುವೆಯಾಗಿ ಮಕ್ಕಳು ಶಾಲೆಗೆ ಹೋದಮೇಲೆ ಪುಸ್ತಕ ಹಿಡಿದ ಗೃಹಿಣಿಯರು, ದೂರದ ಊರಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಅದರಿಂದ ಪದವೀಧರರಾದರು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೇರೆ ಮನೆ ಮಾಡಿತು.

ಇಷ್ಟು ಜಮೆ. ಇನ್ನು ಬಾಕಿಯ ಮಾತು.

ತಾಯಿಬೇರಿನಿಂದ ಕೊಂಬೆಗಳು ಕವಲೊಡೆಯುತ್ತ ಹೋದವು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಬೇರೆಯಾದವು. 2023ರಲ್ಲಿ ಹಾಸನಕ್ಕೂ ಚಾಮರಾಜನಗರಕ್ಕೂ ಪ್ರತ್ಯೇಕ ವಿಶ್ವವಿದ್ಯಾನಿಲಯಗಳು ಬಂದವು. ಕಾಲೇಜುಗಳು ಕೈಬಿಟ್ಟಂತೆ ಅವುಗಳಿಂದ ಬರುತ್ತಿದ್ದ ಶುಲ್ಕವೂ ಕೈಬಿಡುತ್ತದೆ; ಆದರೆ ನೂರು ವರ್ಷದ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದವರ ವೇತನದ ಹೊರೆ ತಾಯಿಮನೆಯಲ್ಲಿಯೇ ಉಳಿಯುತ್ತದೆ. ಖಾಲಿಯಾದ ಅಧ್ಯಾಪಕ ಹುದ್ದೆಗಳು ಬೇಗ ತುಂಬುವುದಿಲ್ಲ. ಹಣ ಸಾಲದಿದ್ದಾಗ ಯಜಮಾನ ಮೊದಲು ಕತ್ತರಿಸುವ ಖರ್ಚು ಯಾವುದು? ಕೇಳುವವರಿಲ್ಲದ ಖರ್ಚು. ಪರೀಕ್ಷೆ ನಿಂತರೆ ನಾಳೆಯೇ ಗದ್ದಲವಾಗುತ್ತದೆ. ಪ್ರಚಾರೋಪನ್ಯಾಸ ನಿಂತರೆ, ಓಲೆಗರಿಗೆ ಎಣ್ಣೆ ಸವರುವವರಿಲ್ಲದೆ ಹೋದರೆ, ವಿಶ್ವಕೋಶವನ್ನು ಪರಿಷ್ಕರಿಸುವುದು ನಿಂತರೆ, ಯಾರ ಮನೆಯಲ್ಲೂ ಆ ಸಂಜೆ ಒಲೆ ಆರುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ವಿಶ್ವವಿದ್ಯಾನಿಲಯದ ಬಾಗಿಲು ಒಳಗಿನಿಂದ ಮುಚ್ಚಿಕೊಳ್ಳುವುದಕ್ಕಿಂತ ಮೊದಲು, ಹೊರಗೆ ಬಂದು ತಟ್ಟುವವರು ಇಲ್ಲವಾಗುತ್ತಾರೆ.

ಇನ್ನೊಂದು ಬಾಕಿ ಭಾಷೆಯದು. ಮಾನಸಗಂಗೋತ್ರಿಯ ಪ್ರಯೋಗಶಾಲೆಗಳಲ್ಲಿ ಒಳ್ಳೆಯ ಸಂಶೋಧನೆ ನಡೆಯುತ್ತದೆ. ಅದು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು ದೂರದೇಶದ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅದು ತಪ್ಪಲ್ಲ, ವಿಜ್ಞಾನದ ಸಂತೆ ಅಲ್ಲಿ ನೆರೆದಿದೆ, ಅಲ್ಲಿಗೆ ಹೋಗಲೇಬೇಕು. ಆದರೆ ಸಂತೆಗೆ ಹೋದವನು ಮನೆಗೂ ಒಂದು ಗಂಟು ತರಬೇಡವೇ? ಗೋಪಾಲಸ್ವಾಮಿಯವರಿಗೆ 30 ವಾಟಿನ ಯಂತ್ರ ಸಾಕಾಯಿತು. ಇಂದಿನ ಅಧ್ಯಾಪಕರ ಕೈಯಲ್ಲಿರುವ ಸಾಧನಗಳ ಶಕ್ತಿಗೆ ಲೆಕ್ಕವಿಲ್ಲ. ಕೊರತೆ ಯಂತ್ರದ್ದಲ್ಲ.

ಹಾಗೆಂದು ಹೊಣೆಯನ್ನೆಲ್ಲ ಅಧ್ಯಾಪಕರ ತಲೆಗೆ ಕಟ್ಟಿ ನಾವು ಆರಾಮಕುರ್ಚಿಯಲ್ಲಿ ಕುಳಿತುಬಿಡುವುದು ನ್ಯಾಯವಲ್ಲ. 1918ರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಅವರು ಮಹಾರಾಜಾ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯಿಂದ ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದರೆಂಬ ಸಂಗತಿ ಈ ಊರಿನಲ್ಲಿ ಮನೆಮಾತಾಗಿದೆ. ವಿದ್ಯೆಯ ಗಾಡಿಯನ್ನು ಎಳೆಯುವುದಕ್ಕೆ ಊರೂ ಹೆಗಲು ಕೊಡಬೇಕು. ನಾವು ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಪ್ರಸಾರಾಂಗದ ಪುಸ್ತಕದಂಗಡಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಒಂದು ಪುಸ್ತಕ ಕೊಳ್ಳಬಹುದು. ನಮ್ಮ ಬಡಾವಣೆಯ ಸಂಘದಲ್ಲಿ ಗಣೇಶನ ಹಬ್ಬಕ್ಕೆ ವಾದ್ಯಗೋಷ್ಠಿ ಏರ್ಪಡಿಸುವ ಹಾಗೆಯೇ ಒಂದು ಸಂಜೆ ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರನ್ನು ಕರೆದು, ನಿಮ್ಮ ಕೆಲಸವೇನು, ನಮಗೆ ತಿಳಿಯುವ ಹಾಗೆ ಹೇಳಿ ಎಂದು ಕೇಳಬಹುದು. ಕರೆದರೆ ಬಾರದಿರುವವರು ಕಡಿಮೆ, ಕರೆಯುವವರೇ ಕಡಿಮೆ.

ಕಡೆಯದಾಗಿ, ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿರುವ ತಾಯಿತಂದೆಯರಲ್ಲಿ ಒಂದು ಬಿನ್ನಹ. ಮಗಳು ಸಂಜೆ ಮನೆಗೆ ಬಂದಾಗ ಅಂಕ ಎಷ್ಟು ಬಂತೆಂದು ಕೇಳುತ್ತೀರಿ, ಕೇಳಿ. ಅದರ ಜೊತೆಗೆ ಈ ಹೊತ್ತು ಏನು ಕಲಿತೆ, ಅಜ್ಜಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳು ಎಂದೂ ಕೇಳಿ. ಮೊದಲ ದಿನ ಆಕೆ ತಡವರಿಸಬಹುದು, ಮಾತಿಗೆ ಮಾತು ಸಿಗದೆ ನಗಬಹುದು. ನಾಲ್ಕು ದಿನ ಕೇಳಿದರೆ ಮಾತು ಸಿಗುತ್ತದೆ. ಹಾಗೆ ಅಜ್ಜಿಗೆ ಹೇಳಲು ಬಂದಾಗ ಮಗಳಿಗೂ ವಿಷಯ ನಿಜವಾಗಿ ತಿಳಿಯಿತೆಂದು ಅರ್ಥ. ಹೊರಗೆ ಕಾಲಿಡದ ಅಜ್ಜಿಯ ಕಿವಿಗೂ ಆ ದಿನ ವಿಶ್ವವಿದ್ಯಾನಿಲಯದ ಪಾಠ ಬಿದ್ದಂತಾಯಿತು. ಅದಕ್ಕೆ ಸರ್ಕಾರದ ಮಂಜೂರಾತಿ ಬೇಕಿಲ್ಲ, ಯಂತ್ರವೂ ಬೇಕಿಲ್ಲ.